ಹಾಲು ಕರೆಯೋ ಮನೇಲಿ ಮಾವಿನಕಾಯಿ ಟೀ

ಆಫೀಸಿನ ಪ್ಯಾಂಟ್ರಿಯಲ್ಲಿ ಟೀ ಬ್ಯಾಗ್ ಡಬ್ಬಗಳ ಸಾಲು ಇರುತ್ತಲ್ಲ, ಅದರಲ್ಲಿ ಮೊದಲು ಖಾಲಿಯಾಗೋದು ಶುಂಠಿ-ಏಲಕ್ಕಿ. ಆಮೇಲೆ ಗ್ರೀನ್ ಟೀ, ಅದೂ ಸೋಮವಾರ ಜಾಸ್ತಿ. ಕೊನೆಯವರೆಗೂ ಉಳಿಯೋದು ಹಣ್ಣಿನ ಫ್ಲೇವರ್ ಇರೋ ಬ್ಲ್ಯಾಕ್ ಟೀ. ಮ್ಯಾಂಗೋ, ಪೀಚ್, ಇಲ್ಲಾಂದ್ರೆ ಯಾವುದೋ ಬೆರ್ರಿ. ಅದನ್ನು ಕುಡಿಯೋರು ಫ್ಲೋರಿಗೆ ಒಬ್ಬರೋ ಇಬ್ಬರೋ. ನಮ್ಮ ಫ್ಲೋರಿನಲ್ಲಿ ಆ ಒಬ್ಬಳು ನಾನು.

ಸಂಜೆ ನಾಲ್ಕರ ಮೇಲೆ ಹಾಲು ಹಾಕಿದ ಟೀ ಹೊಟ್ಟೆಗೆ ಭಾರ ಅನ್ನಿಸುತ್ತೆ. ಬರೀ ಬ್ಲ್ಯಾಕ್ ಟೀ ಒಗರು. ಅದರ ಜೊತೆ ಒಂದು ಹಣ್ಣಿನ ಘಮ, ಸ್ವಲ್ಪ ಹುಳಿ ಸೇರಿದರೆ ಆ ಒಗರೇ ರುಚಿ ಆಗುತ್ತೆ. ಅಷ್ಟೇ ಕಾರಣ, ಡಯಟ್ ಗಿಯಟ್ ಏನಿಲ್ಲ.

ಆದರೆ ನೀವೂ ಒಮ್ಮೆ ಆ ಮ್ಯಾಂಗೋ ಟೀ ಡಬ್ಬವನ್ನ ಹಿಂದೆ ತಿರುಗಿಸಿ ನೋಡಿ. ಮುಂದೆ ರಸ ಸೋರುವ ಮಾವಿನ ಹೋಳಿನ ಚಿತ್ರ. ಹಿಂದೆ ಸಣ್ಣಕ್ಷರದಲ್ಲಿ ಎಷ್ಟೋ ಸಲ ಎರಡೇ ಪದಾರ್ಥ: ಬ್ಲ್ಯಾಕ್ ಟೀ, ಫ್ಲೇವರ್. ಸ್ವಲ್ಪ ದುಬಾರಿ ಡಬ್ಬದಲ್ಲಿ ಒಣಹಣ್ಣಿನ ನಾಲ್ಕು ಚೂರು ಇರಬಹುದು, ಆದರೂ ಮೂಗಿಗೆ ಬರೋ ವಾಸನೆ ಬಹುಪಾಲು ಎಲೆಯ ಮೇಲೆ ಸಿಂಪಡಿಸಿದ ಫ್ಲೇವರ್‌ನದ್ದೇ. ಇದನ್ನ ಮೋಸ ಅನ್ನೋಕಾಗಲ್ಲ. ಇಂಥ ಪೊಟ್ಟಣದ ಮೇಲೆ ‘ಫ್ಲೇವರ್ಡ್ ಟೀ’ ಅಂತ ಬರೆಯಲೇಬೇಕು, ಯಾವ ಫ್ಲೇವರ್ ಅಂತಾನೂ ಹೇಳಬೇಕು ಅನ್ನೋದು ನಮ್ಮ ದೇಶದ ನಿಯಮ. ಅವರು ಬರೆದಿರ್ತಾರೆ. ನಾವು ಓದಿರಲ್ಲ.

ಬೇರೆ ಊರಿನವರಿಗೆ ಇದು ದೊಡ್ಡ ವಿಷಯ ಅಲ್ಲದೇ ಇರಬಹುದು. ನಾನು ರಾಮನಗರದವಳು. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ, ಈ ನಾಲ್ಕರಲ್ಲಿ ಎಲ್ಲಿಗೆ ಹೋದರೂ ಮಾವಿನ ತೋಪು ಕಾಣುತ್ತೆ. 2007ರಲ್ಲಿ ಬೆಂಗಳೂರು ಗ್ರಾಮಾಂತರದಿಂದ ಬೇರೆಯಾಗಿ ರಾಮನಗರ ಜಿಲ್ಲೆ ಆಯ್ತು, 2025ರಲ್ಲಿ ಬೆಂಗಳೂರು ದಕ್ಷಿಣ ಅಂತ ಹೆಸರಾಯ್ತು. ಮರಗಳು ಮಾತ್ರ ಅಲ್ಲೇ ಇವೆ. ಮಾವು ಅಂದ ಕೂಡಲೇ ಎಲ್ಲರೂ ಕೋಲಾರದ ಶ್ರೀನಿವಾಸಪುರ ಅಂತಾರೆ. ಬೆಳೆಯೋದು ಅವರೇ ಜಾಸ್ತಿ, ಒಪ್ಪೋಣ. ಆದರೆ ರಾಜ್ಯದಲ್ಲಿ ಸೀಸನ್ನಿನ ಮೊದಲ ಹಣ್ಣುಗಳು ಮಾರ್ಕೆಟ್ಟಿಗೆ ಬರೋದು ನಮ್ಮ ಕಡೆಯಿಂದ. ಕೋಲಾರದ ಹಣ್ಣು ಶುರುವಾಗೋ ಹೊತ್ತಿಗೆ ನಮ್ಮ ಬಾದಾಮಿ ಮುಗಿಯೋಕೆ ಬಂದಿರುತ್ತೆ. ಇಂಥ ಊರಿಂದ ಟ್ರೇನ್ ಹತ್ತಿ, ಕಿಟಕಿಯಲ್ಲಿ ತೋಪು ನೋಡ್ಕೊಂಡು ಬೆಂಗಳೂರಿಗೆ ಹೋಗಿ, ಅಲ್ಲಿ ಮಾವೇ ಇಲ್ಲದ ಮಾವಿನ ಟೀ ಕುಡಿಯೋದು ಅಂದ್ರೆ ನನಗೆ ಸ್ವಲ್ಪ ನಾಚಿಕೆಯೇ.

ಹಾಗಾದ್ರೆ ಕಂಪನಿಯವರು ನಿಜವಾದ ಹಣ್ಣು ಯಾಕೆ ಹಾಕಲ್ಲ? ಇದಕ್ಕೆ ಉತ್ತರ ನಿಮ್ಮ ಅಡುಗೆಮನೆಯಲ್ಲೇ ಇದೆ. ಟೀ ಪುಡಿಯನ್ನ ಇಂಗಿನ ಡಬ್ಬದ ಪಕ್ಕ ಮುಚ್ಚಳ ಸಡಿಲ ಬಿಟ್ಟು ಒಂದು ವಾರ ಇಟ್ಟು ನೋಡಿ. ಬೆಳಿಗ್ಗೆ ಟೀ ರಸಂ ವಾಸನೆ ಹೊಡೆಯುತ್ತೆ. ಒಣಗಿದ ಟೀ ಎಲೆ ಪಕ್ಕದಲ್ಲಿರೋ ಎಲ್ಲಾ ವಾಸನೆಯನ್ನೂ ಹೀರಿಕೊಳ್ಳುತ್ತೆ. ಚೀನಾದವರು ಮಲ್ಲಿಗೆ ಟೀ ಮಾಡೋದು ಇದೇ ಗುಣ ಬಳಸಿ. ರಾತ್ರಿ ಅರಳೋ ಹೂವನ್ನ ಎಲೆ ಜೊತೆ ಬೆರೆಸಿಟ್ಟು, ಬೆಳಿಗ್ಗೆ ಹೂ ತೆಗೆದು, ಎಲೆ ಒಣಗಿಸಿ, ಮತ್ತೆ ಹೊಸ ಹೂ. ಹೀಗೆ ಹಲವು ರಾತ್ರಿ. ಅರ್ಲ್ ಗ್ರೇ ಅಂತ ಇನ್ನೊಂದು ಹೆಸರು ಕೇಳಿರ್ತೀರಿ. ಅದರಲ್ಲಿ ಇರೋದು ಬರ್ಗಮಾಟ್ ಅನ್ನೋ, ನಿಂಬೆ-ಕಿತ್ತಳೆ ಜಾತಿಯ ಒಂದು ಹಣ್ಣಿನ ಸಿಪ್ಪೆಯ ಎಣ್ಣೆ. ಇಟಲಿಯ ದಕ್ಷಿಣ ತುದಿಯ ಕಲಾಬ್ರಿಯ ಅನ್ನೋ ಸೀಮೆಯಲ್ಲಿ ಅದು ಬೆಳೆಯುತ್ತೆ. ಹಣ್ಣನ್ನ ಹಾಗೇ ಬಾಯಿಗಿಟ್ಟರೆ ಹುಳಿ, ಕಹಿ. ಆದರೆ ಅದರ ಸಿಪ್ಪೆಯಿಂದ ಆ ಸೀಮೆಗೆ ಪ್ರಪಂಚದಲ್ಲೆಲ್ಲಾ ಹೆಸರು. ನಮ್ಮ ಬಾದಾಮಿ ಸಿಪ್ಪೆ ಹಸುವಿನ ಬಾನಿಗೆ ಹೋಗುತ್ತೆ.

ನಾವೂ ಹಾಗೆ ಮಾಡಬಹುದಲ್ಲ ಅಂದ್ರೆ, ಅದು ಅಷ್ಟು ಸುಲಭ ಅಲ್ಲ. ನಿಂಬೆ ಜಾತಿಯ ಸಿಪ್ಪೆಯಲ್ಲಿ ಎಣ್ಣೆಯ ಸಣ್ಣ ಸಣ್ಣ ಗುಳ್ಳೆ ಇರುತ್ತೆ. ಹಿಂಡಿದರೆ ಎಣ್ಣೆ ಬರುತ್ತೆ. ಕಿತ್ತಳೆ ಸಿಪ್ಪೆಯನ್ನ ದೀಪಕ್ಕೆ ಚಿಮ್ಮಿಸಿ ಪಟಪಟ ಅನ್ನಿಸಿದವರಿಗೆ ಇದು ಗೊತ್ತು. ಮಾವಿನ ಸಿಪ್ಪೆಯನ್ನ ಹಾಗೆ ಹಿಂಡೋಕಾಗಲ್ಲ. ಬಾದಾಮಿಯ ಘಮ ಹತ್ತಾರು ಬಗೆಯ ಹಾರಿಹೋಗೋ ಅಂಶಗಳ ಮಿಶ್ರಣ, ಒಂದೊಂದೂ ಚೂರೇ ಚೂರು. ಬಿಸಿ ತಾಗಿದರೆ ಮೊದಲು ಓಡಿಹೋಗೋದೇ ಅದು. ಹಣ್ಣು ಒಣಗಿಸಿದರೆ ಸಿಹಿ ಉಳಿಯುತ್ತೆ, ಘಮ ಮುಕ್ಕಾಲು ಹೋಗಿರುತ್ತೆ. ಅದಕ್ಕೇ ಕಾರ್ಖಾನೆಯವರು ಫ್ಲೇವರ್‌ನ ಮೊರೆ ಹೋಗೋದು.

ಹೋದ ಬೇಸಿಗೆ ಪೂರ್ತಿ ನಾನು ಇದರ ಹಿಂದೆ ಬಿದ್ದಿದ್ದೆ. ಪ್ರಯೋಗಶಾಲೆ ಕನಕಪುರ ತಾಲ್ಲೂಕಿನಲ್ಲಿರೋ ದೊಡ್ಡಪ್ಪನ ಮನೆ. ಅಲ್ಲಿ ಸಿಕ್ಕ ಮೊದಲ ಅಡ್ಡಿ ಮಾವಿನದಲ್ಲ, ಹಾಲಿನದು.

ದೊಡ್ಡವ್ವನಿಗೆ ಎರಡು ಹಸು. ಬೆಳಿಗ್ಗೆ ಸಂಜೆ ಡೇರಿಗೆ ಹಾಲು ಹಾಕ್ತಾರೆ. ನಮ್ಮ ನಾಲ್ಕೂ ತಾಲ್ಲೂಕಿನ ಹಾಲು ಹೋಗೋದು ಬೆಂಗಳೂರು ಹಾಲು ಒಕ್ಕೂಟಕ್ಕೆ, ಅಂದ್ರೆ ನೀವು ಬೆಂಗಳೂರಲ್ಲಿ ಬೆಳಿಗ್ಗೆ ಕತ್ತರಿಸೋ ಪ್ಯಾಕೆಟ್ಟಿಗೆ. ಇಂಥ ಮನೆಯಲ್ಲಿ ಹಾಲಿಲ್ಲದ ಟೀಗೆ ಎರಡೇ ಸಂದರ್ಭ. ಯಾರಿಗಾದರೂ ಭೇದಿ ಆದಾಗ ನಿಂಬೆಹಣ್ಣು ಹಿಂಡಿ ಕೊಡೋ ಕರೀ ಟೀ ಒಂದು. ಹಸು ಬತ್ತಿಸಿಕೊಂಡ ತಿಂಗಳಲ್ಲಿ ಬಾಗಿಲು ಮುಂದೆ ಮಾಡಿ ಕುಡಿಯೋ ಟೀ ಇನ್ನೊಂದು. ಬಂದ ನೆಂಟರಿಗೆ ಕರೀ ಟೀ ಕೊಟ್ಟರೆ ಅದು ಮನೆಯ ಬಡತನ ತೋರಿಸಿದ ಹಾಗೆ, ಇಲ್ಲಾ ನೆಂಟರನ್ನ ಹಗುರ ಮಾಡಿದ ಹಾಗೆ.

ನಾನು ಒಲೆ ಮುಂದೆ ಬರೀ ನೀರಿಟ್ಟು ಟೀ ಎಲೆ ಹಾಕ್ತಿದ್ದದ್ದು ನೋಡಿ ದೊಡ್ಡವ್ವ ಹಾಲಿನ ಪಾತ್ರೆ ತಂದು ಪಕ್ಕದಲ್ಲಿಟ್ಟರು.

“ಅಲ್ಲ ಕಣವ್ವ, ಎರಡು ಹಸ ಕಟ್ಕಂಡಿವ್ನಿ. ಹಾಲಿಲ್ದೆ ಟೀ ಕುಡುದ್ರೆ ನೋಡ್ದೋರು ಏನಂದಾರು?”

“ಹುಳಿ ಬೀಳುತ್ತೆ ದೊಡ್ಡವ್ವ, ಹಾಲು ಹಾಕಿದ್ರೆ ಒಡೆದೋಗುತ್ತೆ.”

“ಹಂಗಾರೆ ಹುಳೀನೇ ಬುಡು.”

ತರ್ಕ ಸರಿಯಾಗೇ ಇತ್ತು. ನಾನು ವಾದ ಮಾಡಲಿಲ್ಲ.

ಎಲೆ ವಿಷಯ ಇಲ್ಲೇ ಹೇಳಿಬಿಡ್ತೀನಿ, ಯಾಕಂದ್ರೆ ಹಣ್ಣಿನ ಟೀ ಕೆಡೋದು ಹಣ್ಣಿಂದಲ್ಲ, ಪುಡಿಯಿಂದ. ನಮ್ಮ ಮನೆಗಳಲ್ಲಿ ಇರೋದು ಸಿಟಿಸಿ ಪುಡಿ, ಆ ಸಣ್ಣ ಕಾಳು ಕಾಳಿನಂಥದ್ದು. ಎಲೆಯನ್ನ ಹಲ್ಲಿರೋ ರೋಲರುಗಳ ನಡುವೆ ಅರೆದು, ಹರಿದು, ಸುರುಳಿ ಮಾಡೋ ಯಂತ್ರ 1930ರ ದಶಕದಲ್ಲಿ ಅಸ್ಸಾಂನಲ್ಲಿ ಬಂತು. ಬೇಗ ಬಣ್ಣ ಬಿಡಬೇಕು, ಹಾಲು ಸಕ್ಕರೆ ಎಷ್ಟು ಸುರಿದರೂ ಖಡಕ್ ಆಗಿ ನಿಲ್ಲಬೇಕು ಅನ್ನೋದಕ್ಕೆ ಅದು ಹೇಳಿ ಮಾಡಿಸಿದ್ದು. ಹಾಲಿನಲ್ಲಿರೋ ಪ್ರೋಟೀನು ಟೀಯ ಒಗರನ್ನ ಹಿಡಿದುಕೊಳ್ಳುತ್ತೆ, ಹಾಗಾಗಿ ನಾಲಿಗೆಗೆ ಗೊತ್ತಾಗಲ್ಲ. ಹಾಲೇ ಇಲ್ಲದಿದ್ದಾಗ ಅದೇ ಪುಡಿಯನ್ನ ಐದು ನಿಮಿಷ ಕುದಿಸಿದರೆ ಕಷಾಯ. “ಬ್ಲ್ಯಾಕ್ ಟೀ ನನಗಾಗಲ್ಲ” ಅನ್ನೋರಲ್ಲಿ ಮುಕ್ಕಾಲು ಪಾಲು ಕುಡಿದಿರೋದು ಈ ಕಷಾಯವನ್ನೇ.

ಬೇಕಾಗಿರೋದು ಉದ್ದೆಲೆ ಟೀ, ಅಂಗಡಿಯಲ್ಲಿ ಆರ್ಥೊಡಾಕ್ಸ್ ಅಂತಾನೋ ಲೀಫ್ ಟೀ ಅಂತಾನೋ ಕೇಳಿ. ನಮಗೆ ಹತ್ತಿರ ನೀಲಗಿರಿ. ಅದಕ್ಕೆ ತಾನೇ ಒಂದು ಹೂವಿನಂಥ ಪರಿಮಳ ಇರುತ್ತೆ, ತಣ್ಣಗಾದಾಗ ಬೇರೆ ಟೀ ಥರ ಅಷ್ಟಾಗಿ ಮಸುಕಾಗಲ್ಲ. ನಮ್ಮ ರಾಜ್ಯದ್ದೇ ಬೇಕು ಅನ್ನೋರಿಗೆ ಚಿಕ್ಕಮಗಳೂರಿನ ಕೆಳಗೂರು ಟೀ ಇದೆ. ಕಾಫಿ ಸೀಮೆಯಲ್ಲಿ ಟೀ ಬೆಳೆಯೋ ಹಟ ನನಗಿಷ್ಟ. ಒಂದು ಲೋಟಕ್ಕೆ ಒಂದು ಚಮಚ, ಅಂದ್ರೆ ಎರಡು ಗ್ರಾಂ ಆಸುಪಾಸು. ಕುದಿಯೋ ನೀರನ್ನ ಒಲೆಯಿಂದ ಇಳಿಸಿ, ಎಲೆ ಹಾಕಿ ಮುಚ್ಚಿ, ಮೂರು ನಿಮಿಷ. ಫೋನಲ್ಲಿ ಟೈಮರ್ ಇಡಿ, ರೀಲ್ಸ್ ನೋಡ್ತಾ ಕೂತರೆ ಮೂರು ಹತ್ತಾಗುತ್ತೆ. (ಟೀ ಹಾಕೋಕೂ ಒಂದು ಅಂತರರಾಷ್ಟ್ರೀಯ ಸ್ಟ್ಯಾಂಡರ್ಡ್ ಇದೆ, ಐಎಸ್‌ಒ 3103. 100 ಎಂಎಲ್ ನೀರಿಗೆ 2 ಗ್ರಾಂ, 6 ನಿಮಿಷ. ಅದು ರುಚಿ ಪರೀಕ್ಷೆ ಮಾಡೋರಿಗೆ, ಟೀಯ ಗುಣ ದೋಷ ಎದ್ದು ಕಾಣಲಿ ಅಂತ. ಹಾಗೇ ಮಾಡ್ಕೊಂಡು ಕುಡಿದರೆ ರಾತ್ರಿ ನಿದ್ದೆ ನಿಮ್ಮದಲ್ಲ.)

ಈಗ ಹಣ್ಣು. ನಿಂಬೆ ಎಲ್ಲರಿಗೂ ಗೊತ್ತಿರೋದು. ಹಳೇ ಮೈಸೂರು ರಸ್ತೆಯ ಟೀ ಅಂಗಡಿಗಳಲ್ಲಿ ಉಪ್ಪು, ಮೆಣಸಿನಪುಡಿ ಉದುರಿಸಿ ಕೊಡ್ತಾರೆ. 2023ರಲ್ಲಿ ಎಕ್ಸ್‌ಪ್ರೆಸ್‌ವೇ ಶುರುವಾದ ಮೇಲೆ ಕಾರುಗಳೆಲ್ಲ ರಾಮನಗರ, ಚನ್ನಪಟ್ಟಣಗಳನ್ನ ಮುಟ್ಟದೇ ಹೋಗ್ತವೆ, ಹಾಗಾಗಿ ಆ ಅಂಗಡಿಗಳಲ್ಲಿ ಈಗ ಕೂತು ನಿಧಾನವಾಗಿ ಕುಡಿಯೋಕೆ ಜಾಗ ಸಿಗುತ್ತೆ. ಅಂಗಡಿಯವರಿಗೆ ಅದು ಸಂತೋಷದ ಮಾತಲ್ಲ. ನಿಂಬೆ ಹಿಂಡಿದ ಕ್ಷಣ ಟೀ ಬಣ್ಣ ತಿಳಿಯಾಗೋದು ಗಮನಿಸಿದ್ದೀರಾ? ಟೀಗೆ ಕೆಂಪು-ಕಂದು ಬಣ್ಣ ಕೊಡೋ ಅಂಶಗಳು ಹುಳಿ ಬಿದ್ದ ಕೂಡಲೇ ಬಣ್ಣ ಬದಲಿಸ್ತವೆ. ನೀರು ಬೆರೆಸಿದ್ದಲ್ಲ, ಅಂಗಡಿಯವರ ಮೇಲೆ ಅನುಮಾನ ಬೇಡ.

ಮಾಗಿದ ಬಾದಾಮಿಯನ್ನ ಬಿಸಿ ಟೀಗೆ ಹಾಕಲೇಬೇಡಿ. ಜಾಮ್ ಕುದಿಸಿದ ವಾಸನೆ ಬರುತ್ತೆ, ಒಳ್ಳೇ ಹಣ್ಣು ದಂಡ. ಟೀಯನ್ನ ಎಲೆ ಎರಡರಷ್ಟು ಹಾಕಿ ಗಟ್ಟಿಯಾಗಿ ಇಳಿಸಿ, ಸೋಸಿ, ಪೂರ್ತಿ ಆರಿಸಿ, ಅದಕ್ಕೆ ಅಷ್ಟೇ ತಣ್ಣೀರು ಬೆರೆಸಿ. ಒಂದು ಹಣ್ಣಿನ ಹೋಳು ಹಾಕಿ ಮುಚ್ಚಿ ರಾತ್ರಿ ಫ್ರಿಜ್‌ನಲ್ಲಿಡಿ. ಬೆಳಿಗ್ಗೆ ಆ ಟೀಯಲ್ಲಿ ಬಾದಾಮಿ ಇರುತ್ತೆ, ಚಿತ್ರದಲ್ಲಲ್ಲ, ಬಾಯಲ್ಲಿ. ಸಕ್ಕರೆ ಬೇಡ. ಅವತ್ತೇ ಮುಗಿಸಿ. ಹೋಳನ್ನ ತಿಂದುಬಿಡಿ, ಸ್ವಲ್ಪ ಒಗರು ಹತ್ತಿರುತ್ತೆ, ಅದೂ ಚೆನ್ನಾಗೇ ಇರುತ್ತೆ. ಚೀನಾದವರ ಹಾಗೆ ಒಂದು ಇಡೀ ಹಣ್ಣನ್ನ ಟೀ ಎಲೆ ಜೊತೆ ಡಬ್ಬದಲ್ಲಿ ಒಂದು ರಾತ್ರಿ ಮುಚ್ಚಿಟ್ಟೂ ನೋಡಿದೆ. ಘಮ ಬಂತು, ಆದರೆ ತೆಳು. ಪೊಟ್ಟಣ ಬಿಚ್ಚಿದಾಗ ಖುಷಿ, ಲೋಟದಲ್ಲಿ ಹುಡುಕಬೇಕು. ಬಾದಾಮಿ ಟೀ ಅಂದ್ರೆ ಹೀಗೆ ಏಪ್ರಿಲ್, ಮೇ ಎರಡು ತಿಂಗಳ ಸುಖ. ಡಬ್ಬದಲ್ಲಿ ತುಂಬಿ ಇಟ್ಟುಕೊಳ್ಳೋ ಸುಖ ಅಲ್ಲ.

ವರ್ಷವಿಡೀ ಕುಡಿಯೋ ಟೀ ಸಿಕ್ಕಿದ್ದು ಯಾರಿಗೂ ಬೇಡವಾದ ಕಾಯಿಯಲ್ಲಿ.

ಯುಗಾದಿ ಕಳೆದ ಮೇಲೆ ಸಂಜೆ ಹೊತ್ತು ಗಾಳಿ ಮಳೆ ಎದ್ದು ಬರುತ್ತಲ್ಲ, ಒಂದೇ ಗಾಳಿಗೆ ಮರದ ಕೆಳಗೆ ಕಾಯಿ ಹಾಸಿಗೆ ಹಾಸಿದ ಹಾಗೆ ಬಿದ್ದಿರುತ್ತೆ. ಬಿದ್ದ ಪೆಟ್ಟಿಗೆ ಒಂದು ಕಡೆ ಕಪ್ಪಾಗಿರುತ್ತೆ, ಹಣ್ಣಿಗಿಟ್ಟರೆ ಕೊಳೆಯುತ್ತೆ. ಒಂದಷ್ಟು ಉಪ್ಪಿನಕಾಯಿಗೆ, ಒಂದಷ್ಟು ಅಕ್ಕಪಕ್ಕದ ಮನೆಗೆ, ಮಿಕ್ಕಿದ್ದು ಮರದ ಬುಡಕ್ಕೇ. ದೊಡ್ಡಪ್ಪನ ತೋಪಿನಲ್ಲಿ ಹೆಚ್ಚು ಇರೋದು ತೋತಾಪುರಿ, ನಮ್ಮ ಕಡೆ ಗಿಣಿಮೂತಿ ಅಂತೀವಿ. ಶಾಲೆ ಗೇಟಿನ ಮುಂದೆ ಉಪ್ಪು ಖಾರ ಹಚ್ಚಿ ಮಾರ್ತಿದ್ದರಲ್ಲ, ಅದೇ. ನಾರು ಕಡಿಮೆ, ಹುಳಿ ಹದವಾಗಿರುತ್ತೆ.

ಆ ಬಿದ್ದ ಕಾಯಿಯನ್ನ ಆವತ್ತೇ ಆರಿಸಿ, ತೊಟ್ಟು ತೆಗೆದು, ಸೊನೆ ಹೋಗೋ ಹಾಗೆ ಎರಡು ಮೂರು ಸಲ ತೊಳೆಯಬೇಕು. ಸೊನೆ ಉಳಿದರೆ ತುಟಿ ಸುಡುತ್ತೆ, ಕೆಲವರಿಗೆ ಬೊಬ್ಬೆನೇ ಬರುತ್ತೆ. ಸಿಪ್ಪೆ ಹೆರೆದು, ಪೆಟ್ಟಾದ ಭಾಗ ಕೊಯ್ದು ಬಿಸಾಕಿ, ತೆಳ್ಳಗೆ ಹೋಳು ಮಾಡಿ, ಬಿಳಿ ಬಟ್ಟೆ ಮೇಲೆ ಹರಡಿ, ಮೇಲೊಂದು ತೆಳು ಪಂಚೆ ಹೊದಿಸಿ ಬಿಸಿಲಿಗೆ. ಮೂರು ನಾಲ್ಕು ಒಳ್ಳೇ ಬಿಸಿಲು ಸಾಕು. ಬಗ್ಗಿಸಿದರೆ ಬಾಗಬಾರದು, ಲಟಕ್ ಅಂತ ಮುರಿಯಬೇಕು. ಬಾಗೋ ಹೋಳನ್ನ ಡಬ್ಬಕ್ಕೆ ಹಾಕಿದರೆ ಜೂನ್ ಹೊತ್ತಿಗೆ ಬೂಷ್ಟು. ಸಾರಿಗೆ ಅಂತ ಒಣಗಿಸೋರು ಉಪ್ಪು ಅರಿಶಿನ ಸವರುತ್ತಾರೆ, ಟೀಗೆ ಅದು ಬೇಡ.

ಟೀ ಮಾಡೋದು ಹೀಗೆ. ಎರಡು ಲೋಟ ನೀರಿಗೆ ಏಳೆಂಟು ಹೋಳು ಮುರಿದು ಹಾಕಿ ನಾಲ್ಕು ನಿಮಿಷ ಕುದಿಸಿ. ಸ್ಟೀಲ್ ಪಾತ್ರೆ ಇರಲಿ, ಹುಳಿಗೆ ಅಲ್ಯೂಮಿನಿಯಂ ಬೇಡ. ಅಚ್ಚುಬೆಲ್ಲ ಚೂರು ಹಾಕಿ ಕರಗಿಸಿ, ಒಲೆ ಆರಿಸಿ, ಆಮೇಲೆ ಎರಡು ಚಮಚ ಎಲೆ. ಮುಚ್ಚಿ ಮೂರು ನಿಮಿಷ. ಕುದಿಯೋದೆಲ್ಲ ಕಾಯಿ ಕುದಿಯಲಿ, ಎಲೆ ಕುದಿಯಬಾರದು, ಇಷ್ಟೇ ಗುಟ್ಟು. ಮೇಲೆ ಎರಡು ಕಾಳುಮೆಣಸು ಜಜ್ಜಿ ಹಾಕಿದರೆ ಚಳಿಗಾಲಕ್ಕೆ ಸರಿ. ಡಬ್ಬದ ಮ್ಯಾಂಗೋ ಟೀ ಮೂಗಿಗೆ ಜೋರು, ನಾಲಿಗೆಗೆ ಏನೂ ಇಲ್ಲ. ಇದು ಉಲ್ಟಾ. ಮೂಗಿಗೆ ಮೆಲ್ಲಗೆ, ಗುಟುಕು ಇಳಿದ ಮೇಲೆ ಬಾಯಿ ಅಂಚಲ್ಲಿ ಮಾವಿನಕಾಯಿ ಹುಳಿ ಬಂದು ನಿಲ್ಲುತ್ತೆ.

ಊಟ ಆದ ಕೂಡಲೇ ಮಾತ್ರ ಕುಡಿಯಬೇಡಿ. ಟೀಯಲ್ಲಿರೋ ಒಗರಿನ ಅಂಶ ಸೊಪ್ಪು, ಕಾಳಿನಲ್ಲಿರೋ ಕಬ್ಬಿಣಾಂಶವನ್ನ ಮೈ ಹೀರಿಕೊಳ್ಳೋದಕ್ಕೆ ಅಡ್ಡ ಬರುತ್ತೆ. ಹಿಮೋಗ್ಲೋಬಿನ್ ಕಡಿಮೆ ಅಂತ ರಿಪೋರ್ಟ್ ಬಂದಿರೋರು ಊಟಕ್ಕೂ ಟೀಗೂ ಒಂದು ಗಂಟೆಯಾದರೂ ಬಿಡುವು ಕೊಡಿ.

ದೊಡ್ಡವ್ವ ಮೊದಲ ಎರಡು ದಿನ ಮುಟ್ಟಲಿಲ್ಲ. ಮೂರನೇ ದಿನ ಸಂಜೆ ಡೇರಿಯಿಂದ ಕ್ಯಾನು ಹಿಡ್ಕೊಂಡು ಬಂದವರೇ, ಸೆಕೆಗೆ ಜಗುಲಿ ಮೇಲೆ ಕೂತು, ನನ್ನ ಲೋಟದಲ್ಲಿ ಉಳಿದದ್ದನ್ನ ಎತ್ತಿ ಕುಡಿದರು. ಆರಿ ತಣ್ಣಗಾಗಿತ್ತು. ಇನ್ನೊಂಚೂರು ಬೆಲ್ಲ ಹಾಕು ಅಂದರು. ಹಾಕಿಕೊಟ್ಟೆ.

“ಟೀ ಅಲ್ಲ ಬುಡವ್ವ ಇದು. ಪಾನಕ.”

ಅವತ್ತಿಂದ ಆ ಮನೆಯಲ್ಲಿ ಇದರ ಹೆಸರು ಬಿಸಿ ಪಾನಕ. ನನಗೆ ಹೊಳೆಯದೇ ಇದ್ದದ್ದು ಅವರಿಗೆ ಒಂದೇ ಗುಟುಕಲ್ಲಿ ಹೊಳೀತು. ಬೆಲ್ಲ, ಹುಳಿ, ಮೆಣಸು: ರಾಮನವಮಿ ದಿನ ಬೀದಿ ಬೀದಿಯಲ್ಲಿ ಕರೆದು ಕರೆದು ಕೊಡ್ತಾರಲ್ಲ, ಅದಕ್ಕೆ ಟೀ ಎಲೆ ಸೇರಿದೆ, ಅಷ್ಟೇ. ಕರೀ ಟೀ ಕೊಟ್ಟರೆ ನೆಂಟರಿಗೆ ಅವಮಾನ. ಪಾನಕ ಕೊಟ್ಟರೆ ಮರ್ಯಾದೆ. ಮೊನ್ನೆ ಹೆಣ್ಣು ನೋಡೋ ಶಾಸ್ತ್ರಕ್ಕೆ ಪಕ್ಕದ ಮನೆಗೆ ಚನ್ನಪಟ್ಟಣದಿಂದ ಬಂದವರಿಗೆ ದೊಡ್ಡವ್ವ ತಾವೇ ಇದನ್ನ ಮಾಡಿ ಕೊಟ್ಟು ಬಂದಿದ್ದಾರೆ. ಹಾಲಿನ ಕಾಫಿ ಆದಮೇಲೆ ಅನ್ನಿ. ಹಾಲಿನ ಮರ್ಯಾದೆ ಮೊದಲು.

ಇಲ್ಲಿಗೆ ನಿಲ್ಲಿಸಬಹುದಿತ್ತು, ಆದರೆ ಆ ಮರಗಳ ವಿಷಯ ಇದೆ.

2025ರ ತೋತಾಪುರಿ ಸೀಸನ್ ಹೇಗಿತ್ತು ಅಂತ ನ್ಯೂಸಲ್ಲಿ ನೋಡಿರ್ತೀರಿ. ತೋತಾಪುರಿ ಹೆಚ್ಚಾಗಿ ಹೋಗೋದು ಪಲ್ಪ್ ಕಾರ್ಖಾನೆಗಳಿಗೆ, ಕಾರ್ಖಾನೆಗಳು ಜಾಸ್ತಿ ಇರೋದು ಗಡಿಯಾಚೆ ಚಿತ್ತೂರಿನಲ್ಲಿ. ಜೂನ್‌ನಲ್ಲಿ ಅಲ್ಲಿನ ಜಿಲ್ಲಾಡಳಿತ ಬೇರೆ ರಾಜ್ಯದ ತೋತಾಪುರಿ ಒಳಗೆ ಬರೋದನ್ನೇ ನಿಲ್ಲಿಸಿತು. ಎರಡೂ ಕಡೆ ಫಸಲು ಜಾಸ್ತಿ, ಬೆಲೆ ನೆಲಕ್ಕೆ. ಕೊನೆಗೆ ಕೇಂದ್ರ ಸರ್ಕಾರ ಕರ್ನಾಟಕದ ಮಾವಿಗೆ ಕ್ವಿಂಟಲ್‌ಗೆ 1,616 ರೂಪಾಯಿ ದರ ಗೊತ್ತುಮಾಡಿ, 2.5 ಲಕ್ಷ ಟನ್‌ವರೆಗೆ ಬೆಲೆ ವ್ಯತ್ಯಾಸ ತುಂಬಿಕೊಡೋಕೆ ಒಪ್ಪಿತು. ಅಂದ್ರೆ ಕಿಲೋಗೆ 16 ರೂಪಾಯಿ ಚಿಲ್ಲರೆ. ಅದು ಸಹಾಯ ಅಂತ ಕೊಟ್ಟ ದರ. ಅದಕ್ಕೂ ಕೆಳಗೆ ಮಾರ್ಕೆಟ್ ಎಲ್ಲಿತ್ತು ಅಂತ ನೀವೇ ಊಹಿಸಿ.

ನಮ್ಮ ಕಡೆ ಹೂ ಬಿಟ್ಟಾಗಲೇ ತೋಪನ್ನ ಗುತ್ತಿಗೆಗೆ ಕೊಡೋ ರೂಢಿ. ಔಷಧಿ, ಕಾವಲು, ಕೀಳಿಸೋದು ಎಲ್ಲ ಗುತ್ತಿಗೆದಾರರದ್ದು. ದೊಡ್ಡಪ್ಪನ ತೋಪು ಒಂದೂಕಾಲು ಎಕರೆ, ಹತ್ತು ಬಾದಾಮಿ, ನಲವತ್ತು ತೋತಾಪುರಿ. ಹಿಡಿದವರು ಮುಂಗಡ ಕೊಟ್ಟು ಬಾದಾಮಿ ಕಿತ್ತುಕೊಂಡು ಹೋದರು, ತೋತಾಪುರಿಗೆ ಬರಲೇ ಇಲ್ಲ. ಕೀಳೋ ಕೂಲಿ, ಗಾಡಿ ಬಾಡಿಗೆ ಹುಟ್ಟಲ್ಲ ಅಂದರಂತೆ. ಕಾಯಿ ಮರದಲ್ಲೇ ಹಣ್ಣಾಗಿ, ಮರದಲ್ಲೇ ಕೊಳೆತು ಬಿತ್ತು. ಆ ವಾಸನೆ ಹದಿನೈದು ದಿನ ಮನೆವರೆಗೂ ಬರ್ತಿತ್ತು. ಅಣ್ಣ, ಅಂದ್ರೆ ದೊಡ್ಡಪ್ಪನ ಮಗ, ಅವತ್ತೇ ತೀರ್ಮಾನಕ್ಕೆ ಬಂದುಬಿಟ್ಟ. ತೋತಾಪುರಿ ಕಡಿದು ಅಡಿಕೆ ಹಾಕೋಣ, ಇಲ್ಲಾ ಸೈಟು ಮಾಡೋರು ಕೇಳ್ತಾವ್ರೆ, ಕೊಟ್ಟುಬಿಡೋಣ. ಅವನ ಮೇಲೆ ನನಗೆ ಕೋಪ ಬರಲ್ಲ. ಎರಡು ಮಕ್ಕಳ ಸ್ಕೂಲ್ ಫೀಸು ಕಟ್ಟೋನು ಅವನು, ವಾರಕ್ಕೊಮ್ಮೆ ಹೋಗಿ ಮರದ ನೆರಳಲ್ಲಿ ಟೀ ಕುಡಿದು ಬರೋಳು ನಾನು.

ಆದರೂ ಲೆಕ್ಕ ಹಾಕಿದೆ. ಏಪ್ರಿಲ್ ಗಾಳಿಗೆ ಬಿದ್ದ 40 ಕಿಲೋ ಕಾಯಿ ಒಣಗಿಸಿದ್ದೆವು, ಕೈಗೆ ಬಂದದ್ದು ನಾಲ್ಕೂವರೆ ಕಿಲೋ ಹೋಳು. ಲೋಟಕ್ಕೆ ನಾಲ್ಕು ಗ್ರಾಂ ಅಂದ್ರೂ ಸಾವಿರಕ್ಕೂ ಮೇಲೆ ಲೋಟ. ಆಫೀಸಲ್ಲಿ ಹಂಚಿದೆ. ಎರಡನೇ ವಾರ ಯಾರೂ ಬಿಟ್ಟಿ ಕೇಳಲಿಲ್ಲ, 100 ಗ್ರಾಂಗೆ 80 ರೂಪಾಯಿ ಅಂತ ಅವರೇ ರೇಟು ಕಟ್ಟಿದರು. ಆ ಲೆಕ್ಕದಲ್ಲಿ ನಾಲ್ಕೂವರೆ ಕಿಲೋಗೆ 3,600. ಅದೇ 40 ಕಿಲೋ ಕಾಯಿಯನ್ನ ಸರ್ಕಾರ ಹೇಳಿದ ದರಕ್ಕೆ ಹಾಕಿದರೆ 650 ದಾಟಲ್ಲ. ಅದೂ ಬಿದ್ದ ಕಾಯಿಗೆ ಆ ದರ ಯಾರೂ ಕೊಡಲ್ಲ.

ಕೇಳೋಕೆ ಚೆನ್ನಾಗಿದೆ. ಆದರೆ ಇಬ್ಬರು ಹೆಂಗಸರು ಎರಡು ದಿನ ಸಿಪ್ಪೆ ಹೆರೆದ ಕೂಲಿ ನಾನು ಲೆಕ್ಕಕ್ಕೆ ಹಿಡಿದಿಲ್ಲ, ಯಾಕಂದ್ರೆ ಆ ಇಬ್ಬರು ದೊಡ್ಡವ್ವ ಮತ್ತು ಅತ್ತಿಗೆ. ನಲವತ್ತು ಮರಕ್ಕೆ ಮರಕ್ಕೊಂದು ಕ್ವಿಂಟಲ್ ಅಂತಿಟ್ಟುಕೊಂಡರೂ ನಾಲ್ಕು ಟನ್. ಅಷ್ಟನ್ನೂ ಒಣಗಿಸಿದರೆ ಒಂದು ಲಕ್ಷಕ್ಕೂ ಮೇಲೆ ಲೋಟ ಟೀ. ನೂರು ಜನ ಇರೋ ಒಂದು ಫ್ಲೋರು ವರ್ಷದಲ್ಲಿ 250 ದಿನ ದಿನಕ್ಕೊಂದು ಲೋಟ ಕುಡಿದರೂ 25,000. ಅಂಥ ನಾಲ್ಕು ಫ್ಲೋರು ಬೇಕು, ಅದರಲ್ಲಿ ಶುಂಠಿ-ಏಲಕ್ಕಿ ಮುಟ್ಟೋರು ಒಬ್ಬರೂ ಇರಬಾರದು. ಮೇ ತಿಂಗಳ ಮಳೆಗೆ ಬಿಸಿಲು ನಂಬೋಕಾಗಲ್ಲ, ಡ್ರೈಯರ್ ಬೇಕು, ಕರೆಂಟ್ ಬೇಕು. ಒಂದು ಟೀ ನಲವತ್ತು ಮರ ಉಳಿಸುತ್ತೆ ಅಂತ ನಾನು ಅಣ್ಣನಿಗೆ ಹೇಳಲಿಲ್ಲ, ಹೇಳಿದ್ದರೆ ಅವನು ನಗ್ತಿದ್ದ.

ಐದು ಮರ ಉಳಿಸುತ್ತೆ ಅಂತ ಹೇಳಿದೆ. ಐದು ಮರದ ಕಾಯಿ ಒಣಗಿಸಿ ಮಾರೋದು ಒಂದು ಮನೆಯಿಂದ ಆಗೋ ಕೆಲಸ. ಸಣ್ಣ ಪ್ರಮಾಣದಲ್ಲಿ ಆಹಾರ ಪದಾರ್ಥ ಮಾರೋಕೆ ದೊಡ್ಡ ಲೈಸೆನ್ಸ್ ಬೇಕಿಲ್ಲ, ಆಹಾರ ಸುರಕ್ಷತೆಯವರ ನೋಂದಣಿ ಸಾಕು, ವರ್ಷಕ್ಕೆ 100 ರೂಪಾಯಿ ಶುಲ್ಕ. ಅತ್ತಿಗೆ ಫೋನಲ್ಲೇ ಅರ್ಜಿ ತುಂಬ್ತಾ ಇದ್ದಾರೆ. ಪೊಟ್ಟಣದ ಮೇಲೆ ಏನಂತ ಬರೆಯೋದು ಅಂತ ಕೇಳಿದರು. ಪದಾರ್ಥ: ಮಾವಿನಕಾಯಿ. ಅಷ್ಟೇ ಬರೆಯಿರಿ ಅತ್ತಿಗೆ ಅಂದೆ.

ಅಣ್ಣ ಗರಗಸದವರಿಗೆ ಇನ್ನೂ ಫೋನ್ ಮಾಡಿಲ್ಲ. ದೊಡ್ಡಪ್ಪನನ್ನ ಕೇಳಿದರೆ ಅವರು ಹೌದು ಅನ್ನಲ್ಲ, ಇಲ್ಲ ಅನ್ನಲ್ಲ.

“ಸಂಕ್ರಾಂತಿ ಕಳೀಲಿ ಕಣವ್ವ. ಹೂ ಎಂಗೆ ಬತ್ತದೆ ನೋಡ್ಬುಟ್ಟು ಏಳ್ತೀನಿ” ಅಂದು, ಟವೆಲ್ ಕೊಡವಿ ಹೆಗಲಿಗೆ ಹಾಕ್ಕೊಂಡು, ಬಿಸಿ ಪಾನಕ ಇನ್ನೊಂದು ಲೋಟ ಅದೆಯಾ ಅಂತ ಒಳಗೆ ಕೇಳಿದರು.